ಡ್ರಮ್ಸ್ ನುಡಿಸಿದವರು ಯಾರು? ಸಂಗೀತದ ಆ್ಯಪ್‌ಗಳವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಯಾವ ಹಾಡಿನ ಕೆಳಗೆ ಯಾರ ಹೆಸರು ಕಾಣಬೇಕು, ಯಾರದು ಕಾಣದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸುವವರು ನೀವು. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಆದ್ದರಿಂದ ಬರೀ ‘ಮಾನ್ಯರೇ’ ಎಂದು ಕರೆದಿದ್ದೇನೆ. ಹೆಸರಿಲ್ಲದೆ ಕರೆಸಿಕೊಳ್ಳುವುದು ಹೇಗಿರುತ್ತದೆ ಎಂಬುದು ಈ ಪತ್ರ ಓದಿ ಮುಗಿಸುವಷ್ಟು ಹೊತ್ತು ನಿಮಗೂ ತಿಳಿಯಲಿ.

ನಾನು ಧಾರವಾಡದಲ್ಲಿ ವಕೀಲಿಕೆ ಮಾಡುತ್ತೇನೆ. ಹಗಲು ಕಪ್ಪು ಕೋಟು, ಸಂಜೆ ತಬಲಾ. ತಬಲಾದಲ್ಲಿ ಹೆಸರು ಮಾಡಿದವನೇನೂ ಅಲ್ಲ; ಹಾಡುವವರ ಬಲಗಡೆ ಕುಳಿತು ವಿಲಂಬಿತ ಏಕತಾಲದ ಠೇಕಾವನ್ನು, ಎಂದರೆ ತಾಳದ ಮೂಲ ಹೊಡೆತಗಳ ಸಾಲನ್ನು, ಅರ್ಧ ತಾಸು ಅಲುಗಾಡದಂತೆ ಹಿಡಿಯಬಲ್ಲೆ, ಅಷ್ಟೇ. ಹೋದ ತಿಂಗಳು ಕಚೇರಿಯಲ್ಲಿ ಕೆಲಸ ಮುಗಿಸಿ ಫೋನಿನಲ್ಲಿ ‘ಬ್ಲೂ ಬೋಸಾ’ ಎಂಬ ಜಾಝ್ ರಚನೆ ಹಾಕಿಕೊಂಡು ಕುಳಿತಿದ್ದೆ. ನನ್ನ ಕಿರಿಯ ಸಹೋದ್ಯೋಗಿ ಕಡತ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, ‘ಇದರಲ್ಲಿ ಡ್ರಮ್ಸ್ ಯಾರದು ಸರ್?’ ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು. ಆದರೂ ಸಾಕ್ಷ್ಯ ತೋರಿಸಿ ಮಾತಾಡುವ ಚಟ ನೋಡಿ, ಫೋನನ್ನು ಅವಳ ಕಡೆಗೆ ತಿರುಗಿಸಿದೆ. ಅಲ್ಲಿ ಇದ್ದದ್ದು ಸ್ಯಾಕ್ಸೋಫೋನ್ ನುಡಿಸಿದ ಜೋ ಹೆಂಡರ್ಸನ್ ಅವರ ಒಂದೇ ಹೆಸರು. ‘ವಿವರ’ ಒತ್ತಿದರೆ ರಚನಕಾರ ಕೆನಿ ಡಾರಮ್ ಅವರ ಹೆಸರು ಬಂದಿತು. ಅಲ್ಲಿಗೆ ಮುಗಿಯಿತು. ಡ್ರಮ್ಸ್ ಅದರಷ್ಟಕ್ಕೆ ಅದು ಬಾರಿಸಿಕೊಂಡಂತೆ ಇತ್ತು.

ಡ್ರಮ್ಸ್ ನುಡಿಸಿದವರು ಪೀಟ್ ಲಾ ರೋಕಾ. ಅವರು ನನ್ನ ಹಾಗೆಯೇ ವಕೀಲರು. ಈ ಎರಡನೆಯ ಮಾತು ಕೇಳಿ ಅವಳು ನಕ್ಕಳು. ನಿಮಗೂ ನಗು ಬಂದಿರಬಹುದು. ಪೂರ್ತಿ ಕೇಳಿ.

ಆ ಧ್ವನಿಮುದ್ರಣ ನಡೆದದ್ದು 1963ರ ಜೂನ್ 3ರಂದು, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ಬ್ಲೂ ನೋಟ್ ಕಂಪನಿ ಹೊರತಂದ ಆ ‘ಪೇಜ್ ಒನ್’ ಆಲ್ಬಮ್ಮಿನ ಹೊದಿಕೆಯನ್ನು ಎಂದಾದರೂ ಬಿಡುವಿನಲ್ಲಿ ನೋಡಿ. ಹೆಂಡರ್ಸನ್ ಹೆಸರಿನ ಜೊತೆಗೆ ಡಾರಮ್, ಬುಚ್ ವಾರೆನ್, ಪೀಟ್ ಲಾ ರೋಕಾ ಹೆಸರುಗಳಿವೆ. ಕೊನೆಯಲ್ಲಿ ‘ಇತ್ಯಾದಿ’ ಎಂದು ಅಚ್ಚಾಗಿದೆ. ಆ ‘ಇತ್ಯಾದಿ’ ಬೇರೆ ಯಾರೂ ಅಲ್ಲ, ಪಿಯಾನೊ ನುಡಿಸಿದ ಮೆಕಾಯ್ ಟೈನರ್. ಅವರು ಬೇರೊಂದು ಕಂಪನಿಗೆ ಕರಾರು ಬರೆದುಕೊಟ್ಟಿದ್ದರು, ಹೊದಿಕೆಯ ಮೇಲೆ ಹೆಸರು ಹಾಕುವಂತಿರಲಿಲ್ಲ. ಒಂದು ಹೆಸರನ್ನು ಬಿಡುವುದಕ್ಕೆ ಆಗ ಒಂದು ಕರಾರು ಬೇಕಿತ್ತು. ಬಿಟ್ಟರೂ ಬಿಟ್ಟಿದ್ದೇವೆ ಎಂಬುದಕ್ಕೆ ಒಂದು ಗುರುತು ಉಳಿಸುವ ಮರ್ಯಾದೆ ಇತ್ತು. ಇಂದು ನಿಮ್ಮ ಪರದೆಯಲ್ಲಿ ಡಾರಮ್ ಅವರ ಟ್ರಂಪೆಟ್ ಇಲ್ಲ, ವಾರೆನ್ ಇಲ್ಲ, ಲಾ ರೋಕಾ ಇಲ್ಲ. ‘ಇತ್ಯಾದಿ’ ಕೂಡ ಇಲ್ಲ.

ಲಾ ರೋಕಾ ಅವರ ಹುಟ್ಟುಹೆಸರು ಪೀಟರ್ ಸಿಮ್ಸ್. 1938ರ ಏಪ್ರಿಲ್ 7ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದರು. ಹರೆಯದಲ್ಲಿ ಲ್ಯಾಟಿನ್ ವಾದ್ಯವೃಂದಗಳಲ್ಲಿ ಟಿಂಬಾಲೆ ಎಂಬ ಜೋಡಿ ಡ್ರಮ್ ಬಾರಿಸುತ್ತಿದ್ದಾಗ ‘ಲಾ ರೋಕಾ’ ಎಂಬ ಹೆಸರನ್ನು ಇಟ್ಟುಕೊಂಡರು. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಬಂಡೆ. 1957ರಲ್ಲಿ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಅವರು ನುಡಿಸುವುದನ್ನು ಕೇಳಿದ ಹೆಸರಾಂತ ಡ್ರಮ್ಮರ್ ಮ್ಯಾಕ್ಸ್ ರೋಚ್, ಈ ಹುಡುಗನನ್ನು ತೆಗೆದುಕೊಳ್ಳಿ ಎಂದು ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್‌ಗೆ ಶಿಫಾರಸು ಮಾಡಿದರು. ಆ ಕಾಲದ ಡ್ರಮ್ಮರ್‌ಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಇರಲಿಲ್ಲ.

ಅದೇ ವರ್ಷದ ನವೆಂಬರ್ 3, ಭಾನುವಾರ. ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ರಾಲಿನ್ಸ್ ಎರಡು ಹೊತ್ತು ನುಡಿಸಿದರು. ಮಧ್ಯಾಹ್ನ ಡ್ರಮ್ಸ್‌ಗೆ ಹತ್ತೊಂಬತ್ತು ವರ್ಷದ ಲಾ ರೋಕಾ, ರಾತ್ರಿ ಎಲ್ವಿನ್ ಜೋನ್ಸ್. ಆಗ ಹೊರಬಂದ ಆಲ್ಬಮ್ಮಿನಲ್ಲಿ ಆರು ಹಾಡುಗಳಿದ್ದವು. ಐದು ರಾತ್ರಿಯವು, ‘ಎ ನೈಟ್ ಇನ್ ಟುನೀಸಿಯಾ’ ಒಂದು ಮಾತ್ರ ಮಧ್ಯಾಹ್ನದ್ದು. ಇಂದು ಆ ಆಲ್ಬಮ್ಮಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಎಲ್ವಿನ್ ಜೋನ್ಸ್. ತಪ್ಪೇನಿಲ್ಲ, ಅವರು ಮಹಾ ವಾದಕರು. ಆದರೆ ಲಾ ರೋಕಾ ಅವರ ಅದೃಷ್ಟ ಮುಂದೆಯೂ ಹೀಗೆಯೇ ನಡೆಯಿತು. 1960ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೊಲ್ಟ್ರೇನ್ ತಮ್ಮದೇ ನಾಲ್ವರ ತಂಡ ಕಟ್ಟಿ ನ್ಯೂಯಾರ್ಕಿನ ಜಾಝ್ ಗ್ಯಾಲರಿಯಲ್ಲಿ ನುಡಿಸಲು ಶುರುಮಾಡಿದಾಗ ಡ್ರಮ್ಸ್ ಹಿಂದೆ ಕುಳಿತವರು ಇವರೇ. ಕೆಲವೇ ತಿಂಗಳಲ್ಲಿ ಆ ಜಾಗಕ್ಕೆ ಬಿಲಿ ಹಿಗಿನ್ಸ್ ಬಂದರು, ಆಮೇಲೆ ಎಲ್ವಿನ್ ಜೋನ್ಸ್. ಜಗತ್ತು ನೆನಪಿಟ್ಟುಕೊಂಡ ‘ಕೊಲ್ಟ್ರೇನ್ ಕ್ವಾರ್ಟೆಟ್’ ಅಲ್ಲಿಂದ ಶುರುವಾಗುತ್ತದೆ. ಪಂಕ್ತಿಯಲ್ಲಿ ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸುವ ಹೊತ್ತಿಗೆ ಎದ್ದು ಹೋದವರ ಹಾಗೆ ಇವರು.

ಜಾಝ್ ಪರಿಚಯವಿಲ್ಲದ ಓದುಗರಿಗೆ ನನ್ನ ಕಸುಬಿನ ಭಾಷೆಯಲ್ಲಿ ಎರಡು ಮಾತು. 1950ರ ದಶಕದಲ್ಲಿ ಬೀಬಾಪ್ ಎಂಬ ಜಾಝ್ ಶೈಲಿಯ ವೇಗಕ್ಕೆ ಬ್ಲೂಸ್ ಮತ್ತು ಕಪ್ಪು ಜನರ ಚರ್ಚಿನ ಹಾಡಿಕೆಯ ಬಿಸಿ ಬೆರೆತು ಹುಟ್ಟಿದ ಶೈಲಿ ಹಾರ್ಡ್ ಬಾಪ್. ಅದರಲ್ಲಿ ಡ್ರಮ್ಮರ್‌ನ ಬಲಗೈ ರೈಡ್ ಎಂಬ ದೊಡ್ಡ ತಾಳದ ಮೇಲೆ ಓಡುತ್ತಲೇ ಇರುತ್ತದೆ. ಅದು ಅವರ ಠೇಕಾ. ಎಡಗಾಲಿನಿಂದ ಆಡಿಸುವ ಹೈಹ್ಯಾಟ್ ಎಂಬ ಜೋಡಿ ತಾಳ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಚಿಟುಕು ಹಾಕುತ್ತದೆ. ಉಳಿದ ಕೈಕಾಲುಗಳಿಗೆ ಮಾತಾಡಲು ಸ್ವಾತಂತ್ರ್ಯ: ಮುಂದಿನವರ ಮಾತಿಗೆ ಹ್ಞೂಂಗುಟ್ಟುವುದು, ಕೆಣಕುವುದು, ಅಡ್ಡ ಬರುವುದು. ರೈಡ್ ತಾಳದ ಆ ಓಟದಲ್ಲಿ ಮಾತ್ರೆಗಳು ಸಮಸಮ ಬೀಳುವುದಿಲ್ಲ. ಒಂದು ಸ್ವಲ್ಪ ಉದ್ದ, ಇನ್ನೊಂದು ಗಿಡ್ಡ, ತೊಟ್ಟಿಲು ತೂಗಿದ ಹಾಗೆ. ಅದಕ್ಕೇ ಅವರು ಸ್ವಿಂಗ್ ಎನ್ನುತ್ತಾರೆ.

ಇನ್ನು 1959ರ ಮೇ 2ಕ್ಕೆ ಬನ್ನಿ. ಸ್ಯಾಕ್ಸೋಫೋನ್ ವಾದಕ ಜಾಕಿ ಮೆಕ್‌ಲೀನ್ ಅವರ ‘ನ್ಯೂ ಸಾಯಿಲ್’ ಆಲ್ಬಮ್ಮಿನ ‘ಮೈನರ್ ಅಪ್ರಿಹೆನ್ಶನ್’ ಎಂಬ ರಚನೆಯಲ್ಲಿ ಲಾ ರೋಕಾ ಅವರ ಸರದಿ ಬರುತ್ತದೆ. ತನಿ ಎಂದರೆ ಲೆಕ್ಕ, ಲೆಕ್ಕ ಮುಗಿದು ಸಮಕ್ಕೆ ಬಂದು ಬೀಳುವುದು ಎಂದು ಕಲಿತವನು ನಾನು. ಇವರು ಲಯವನ್ನೇ ಕೆಳಗಿಟ್ಟುಬಿಡುತ್ತಾರೆ. ಹೊಡೆತಗಳು ಗುಂಪುಗುಂಪಾಗಿ ಬರುತ್ತವೆ, ನಿಲ್ಲುತ್ತವೆ, ಮತ್ತೆ ಬರುತ್ತವೆ; ಎಣಿಸಲು ಹೋದರೆ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಚರ್ಮವಾದ್ಯವೊಂದು ಆಲಾಪ ಮಾಡಿದ ಹಾಗೆ. ಮೊದಲ ಸಲ ಕೇಳಿದಾಗ ಇವರಿಗೆ ತಾಳ ತಪ್ಪಿತು ಎಂದೇ ನನಗೆ ಅನ್ನಿಸಿತ್ತು. ಐದಾರು ಸಲ ಕೇಳಿದ ಮೇಲೆ ತಪ್ಪಿದ್ದು ನನ್ನ ಕಿವಿ ಎಂದು ಗೊತ್ತಾಯಿತು. ಧ್ವನಿಮುದ್ರಣಗಳಲ್ಲಿ ಲಯದ ಹಂಗು ಬಿಟ್ಟ ಡ್ರಮ್ಸ್ ತನಿಗಳ ಪೈಕಿ ತೀರ ಮೊದಲಿನದು ಇದು ಎಂದು ಜಾಝ್ ಬಲ್ಲವರು ಹೇಳುತ್ತಾರೆ. ಆಗ ಅವರಿಗೆ ಇಪ್ಪತ್ತೊಂದು ವರ್ಷ.

1965ರ ಮೇ ತಿಂಗಳಲ್ಲಿ ತಮ್ಮದೇ ಹೆಸರಿನ ಮೊದಲ ಆಲ್ಬಮ್ ‘ಬಸ್ರಾ’ ಮಾಡಿದರು. ಜೋ ಹೆಂಡರ್ಸನ್, ಸ್ಟೀವ್ ಕೂನ್, ಸ್ಟೀವ್ ಸ್ವಾಲೋ ಜೊತೆಗಿದ್ದರು. ಎರಡು ವರ್ಷದ ನಂತರ ಡಗ್ಲಸ್ ಎಂಬ ಕಂಪನಿಗೆ ‘ಟರ್ಕಿಷ್ ವಿಮೆನ್ ಅಟ್ ದ ಬಾತ್’. ಸ್ಯಾಕ್ಸೋಫೋನ್‌ಗೆ ಸನ್ ರಾ ತಂಡದ ಜಾನ್ ಗಿಲ್ಮೋರ್, ಬಾಸ್‌ಗೆ ವಾಲ್ಟರ್ ಬುಕರ್, ಪಿಯಾನೊಗೆ ಚಿಕ್ ಕೊರಿಯಾ ಎಂಬ ಇಪ್ಪತ್ತೈದರ ಯುವಕ. ಏಳು ರಚನೆಗಳೂ ಲಾ ರೋಕಾ ಅವರವೇ. ಈ ಆಲ್ಬಮ್ಮನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

1968ರಲ್ಲಿ ಅವರು ಸಂಗೀತ ಬಿಟ್ಟರು. ಮೂವತ್ತು ವರ್ಷ, ಕೈ ಗಟ್ಟಿಯಿದ್ದ ಕಾಲ. ಕ್ಲಬ್ಬುಗಳಲ್ಲಿ ರಾಕ್ ಬೆರೆತ ಜಾಝ್‌ಗೆ ಬೇಡಿಕೆ ಬಂದಿತ್ತು. ಡ್ರಮ್ಮರ್‌ಗಳಿಂದ ಸಮಸಮವಾದ, ಭಾರವಾದ ಹೊಡೆತ ಬೇಕಾಗಿತ್ತು. ಇವರು ಅದನ್ನು ನುಡಿಸಲು ಒಪ್ಪಲಿಲ್ಲ. ಬರುವುದಿಲ್ಲ ಎಂದಲ್ಲ, ಲ್ಯಾಟಿನ್ ವಾದ್ಯವೃಂದದಲ್ಲಿ ಬೆಳೆದವರಿಗೆ ಸಮಸಮದ ಲಯ ಯಾವ ಲೆಕ್ಕ? ಇಷ್ಟವಿರಲಿಲ್ಲ. ನನ್ನ ಗುರುಗಳಿಗೂ ಇಂಥದ್ದೇ ಹಟವಿತ್ತು. ಮದುವೆಯ ಆರ್ಕೆಸ್ಟ್ರಾಕ್ಕೆ ಕರೆದರೆ, ‘ನನ್ನ ತಬಲಾಕ್ಕೆ ಇವತ್ತು ಮೈ ಸರಿಯಿಲ್ಲ’ ಎಂದು ಹೇಳಿ ಕಳುಹಿಸುತ್ತಿದ್ದರು. ಮನೆಯಲ್ಲಿ ಅಕ್ಕಿ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಲಾ ರೋಕಾ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸಿದರು. ಇದನ್ನು ಕಣ್ಣೀರಿನ ಕಥೆಯಾಗಿ ಹೇಳುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ದುಡಿದು ತಿನ್ನುವುದರಲ್ಲಿ ಕಣ್ಣೀರು ಹಾಕುವಂಥದ್ದೇನೂ ಇಲ್ಲ, ಇಷ್ಟವಿಲ್ಲದ ಲಯ ಬಾರಿಸುವುದಕ್ಕಿಂತ ಸ್ಟಿಯರಿಂಗ್ ಹಿಡಿಯುವುದು ಮೇಲು ಎಂದು ತೀರ್ಮಾನಿಸಿದವರ ಪಾಲಿಗಂತೂ ಇಲ್ಲವೇ ಇಲ್ಲ. (ಅವರ ಕಾಲದ ಇನ್ನೊಬ್ಬ ಹಾರ್ಡ್ ಬಾಪ್ ಡ್ರಮ್ಮರ್ ಡೇವ್ ಬೇಲಿ ವಿಮಾನ ಹಾರಿಸುವುದನ್ನು ಕಲಿಸುವ ಕೆಲಸಕ್ಕೆ ಹೋದರು. ಕೈಕಾಲು ನಾಲ್ಕನ್ನೂ ಬೇರೆಬೇರೆಯಾಗಿ ಆಡಿಸಬಲ್ಲವರಿಗೆ ಉದ್ಯೋಗಕ್ಕೇನು ಬರ!) ಹಾಗೆ ಸಂಗೀತದಿಂದ ದೂರ ಸರಿದ ಲಾ ರೋಕಾ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ವಕೀಲರಾದರು. ವೇದಿಕೆಯ ಹೆಸರು ಮನೆಯಲ್ಲಿ ಉಳಿಯಿತು. ವಕೀಲಿಕೆ ನಡೆಸಿದ್ದು ಪೀಟರ್ ಸಿಮ್ಸ್.

ಅಷ್ಟರಲ್ಲಿ ಚಿಕ್ ಕೊರಿಯಾ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ಸೇರಿ, ಅದರಿಂದ ಹೊರಬಂದು, 1972ರಲ್ಲಿ ‘ರಿಟರ್ನ್ ಟು ಫಾರೆವರ್’ ಎಂಬ ತಂಡ ಕಟ್ಟಿ ಮನೆಮಾತಾಗಿದ್ದರು. 1973ರಲ್ಲಿ ಮ್ಯೂಸ್ ಎಂಬ ಕಂಪನಿಯಿಂದ ಅವರ ಹೆಸರಿನಲ್ಲಿ ‘ಬ್ಲಿಸ್’ ಎಂಬ ಆಲ್ಬಮ್ ಬಂದಿತು. ಸೂಜಿ ಇಟ್ಟು ಕೇಳಿದರೆ ಅದೇ ಗಿಲ್ಮೋರ್, ಅದೇ ಬುಕರ್, ಅದೇ ಏಳು ರಚನೆಗಳು. ‘ಟರ್ಕಿಷ್ ವಿಮೆನ್ ಅಟ್ ದ ಬಾತ್’ ಆಲ್ಬಮ್ಮಿನ ತಲೆಯ ಮೇಲಿದ್ದ ಹೆಸರು ತೆಗೆದು, ಪಿಯಾನೊ ನುಡಿಸಿದವರ ಹೆಸರು ಕೂಡಿಸಿದ್ದರು. ಲಾ ರೋಕಾ ಅವರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ನನ್ನ ತಕರಾರು ಕೊರಿಯಾ ಅವರ ಮೇಲಲ್ಲ. ಯಾವ ಹೆಸರು ಹಾಕಿದರೆ ಹೆಚ್ಚು ಮಾರಾಟವಾಗುತ್ತದೆ ಎಂಬ ಲೆಕ್ಕದ ಮೇಲೆ.

ಆ ಲೆಕ್ಕ ಹಾಕಿದವರಿಗೆ ಒಂದು ಸಂಗತಿ ಹೊಳೆದಿರಲಾರದು. ಹೆಸರು ಕಳೆದುಕೊಂಡ ಡ್ರಮ್ಮರ್ ಈಗ ಕಾನೂನು ಬಲ್ಲವರಾಗಿದ್ದರು. ಸಿಮ್ಸ್ ದಾವೆ ಹೂಡಿದರು. ತಮ್ಮ ಕೇಸನ್ನು ತಾವೇ ನಡೆಸಿದರು, ಗೆದ್ದರು. ಪಕ್ಷಗಾರ ತಾನೇ ಎದ್ದು ವಾದಿಸಲು ನಿಂತರೆ ನಮ್ಮ ವಕೀಲರ ಸಂಘದ ಕೋಣೆಯಲ್ಲಿ ಮುಸಿಮುಸಿ ನಗು ಹರಿದಾಡುತ್ತದೆ. ನಾನೂ ನಕ್ಕಿದ್ದೇನೆ. ಸಿಮ್ಸ್ ಅವರ ವಿಷಯ ಓದಿದ ದಿನದಿಂದ ನಗುವಾಗ ಸ್ವಲ್ಪ ಅಳುಕಾಗುತ್ತದೆ. ಅಲ್ಲಿ ಪೀಟ್ ಲಾ ರೋಕಾ ಎಂಬ ವಾದಕನಿಗೆ ಪೀಟರ್ ಸಿಮ್ಸ್ ಎಂಬ ವಕೀಲ ಸಾಥ್ ಕೊಟ್ಟರು. ಅವರ ಬಾಳಿನ ಅತ್ಯುತ್ತಮ ಸಾಥ್ ಅದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ, ಕೇಳಲು ಅದರ ಧ್ವನಿಮುದ್ರಣ ಇಲ್ಲ.

ಆ ಗೆಲುವು ಎಷ್ಟು ಕಷ್ಟದ್ದು ಎಂಬುದು ಕಸುಬಿನವರಿಗೆ ಗೊತ್ತಾಗುತ್ತದೆ. ಅಮೆರಿಕದ ಕೇಂದ್ರ ಕೃತಿಸ್ವಾಮ್ಯ ಕಾನೂನು ಧ್ವನಿಮುದ್ರಣಗಳಿಗೆ ರಕ್ಷಣೆ ಕೊಡಲು ಶುರುಮಾಡಿದ್ದೇ 1972ರ ಫೆಬ್ರವರಿ 15ರಿಂದ, ಅದೂ ಆ ದಿನದಿಂದ ಮುಂದಿನವುಗಳಿಗೆ ಮಾತ್ರ. 1967ರ ಧ್ವನಿಮುದ್ರಣ ಆ ಬೇಲಿಯ ಹೊರಗಿತ್ತು. ಕೃತಿಯ ಮೇಲೆ ತನ್ನ ಹೆಸರು ಇರಬೇಕು ಎಂದು ಕೇಳುವ ಹಕ್ಕನ್ನು ಆ ದೇಶ 1990ರಲ್ಲಿ ಕಾನೂನಾಗಿ ಬರೆಯಿತು. ಆದರೆ ಅದು ಚಿತ್ರಕಾರರಿಗೆ, ಶಿಲ್ಪಿಗಳಿಗೆ, ಅಂಥ ದೃಶ್ಯಕಲಾವಿದರಿಗೆ ಮಾತ್ರ. ಸಂಗೀತಗಾರರಿಗೆ ಅಲ್ಲ. ಲಾ ರೋಕಾ ಅವರ ಆಲ್ಬಮ್ಮಿನ ಹೆಸರು ಕೇಳಿದೊಡನೆ ನೆನಪಾಗುವುದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ, ಫ್ರೆಂಚ್ ಚಿತ್ರಕಾರ ಆಂಗ್ರ್ ಬರೆದ ‘ಟರ್ಕಿಷ್ ಬಾತ್’ ಎಂಬ ದುಂಡನೆಯ ಚಿತ್ರ. ಅದರಲ್ಲಿ ಚಿತ್ರಕಾರ ತನ್ನ ಹೆಸರನ್ನಷ್ಟೇ ಅಲ್ಲ, ಬರೆದಾಗ ತನಗೆ 82 ವರ್ಷ ಎಂಬುದನ್ನೂ ಬರೆದುಕೊಂಡಿದ್ದಾನೆ. ಮುದುಕನ ಆ ಜಂಬ ನನಗೆ ಬಹಳ ಇಷ್ಟ. ಹೊಡೆದ ಪೆಟ್ಟಿನ ಮೇಲೆ ಹೆಸರು ಬರೆಯಲು ಡ್ರಮ್ಮರ್‌ಗೆ ಆಗುವುದಿಲ್ಲವಲ್ಲ; ಬೇರೆಯವರು ಬರೆಯಬೇಕು.

1979ರಲ್ಲಿ ಅವರು ಮತ್ತೆ ನುಡಿಸಲು ಶುರುಮಾಡಿದರು, ವಕೀಲಿಕೆಯ ಜೊತೆಜೊತೆಗೆ. 1997ರಲ್ಲಿ ಬ್ಲೂ ನೋಟ್ ಅವರದೊಂದು ಹೊಸ ಆಲ್ಬಮ್ ತಂದಿತು. ಅದೇ ಕಂಪನಿಗೆ ಅವರು ನಾಯಕನಾಗಿ ಮಾಡಿದ ‘ಬಸ್ರಾ’ ಆಗಿ 32 ವರ್ಷ ಕಳೆದಿತ್ತು. ಜಿಮ್ಮಿ ಓವೆನ್ಸ್, ಡೇವ್ ಲೀಬ್ಮನ್, ಜಾರ್ಜ್ ಕೇಬಲ್ಸ್ ಅದರಲ್ಲಿದ್ದಾರೆ. ಆಲ್ಬಮ್ಮಿನ ಹೆಸರು ‘ಸ್ವಿಂಗ್‌ಟೈಮ್’. 1968ರಲ್ಲಿ ಯಾವುದಕ್ಕಾಗಿ ಎದ್ದು ಹೋದರೋ ಅದನ್ನೇ ಹಣೆಯ ಮೇಲೆ ಬರೆದುಕೊಂಡು ಬಂದರು. ನಾಯಕನಾಗಿ ಅವರ ಮೂರನೆಯ ಆಲ್ಬಮ್ ಅದು, ಕೊನೆಯದೂ ಹೌದು. ಆ ಹೊತ್ತಿಗೆ ಎರಡು ಹೆಸರುಗಳೂ ಒಂದಾಗಿದ್ದವು. ಪೀಟ್ ಲಾ ರೋಕಾ ಸಿಮ್ಸ್ ಎಂದೇ ಗುರುತಿಸಿಕೊಳ್ಳುತ್ತಿದ್ದರು. 2012ರ ನವೆಂಬರ್ 20ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು, ವಯಸ್ಸು 74.

ಅದೇ 2012ರ ಜೂನ್ 21ರಂದು ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಅದರೊಳಗಿನ 38ಬಿ ಕಲಮನ್ನು ನಿಮ್ಮ ಕಾನೂನು ವಿಭಾಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ: ತನ್ನ ಪ್ರದರ್ಶನದ ಕಲಾವಿದ ತಾನೇ ಎಂದು ಗುರುತಿಸಬೇಕೆಂದು ಕೇಳುವ ಹಕ್ಕು ಹಾಡಿದವರಿಗೆ, ನುಡಿಸಿದವರಿಗೆ ಇದೆ, ತಮ್ಮ ಹಕ್ಕುಗಳನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಇದೆ. ಒಂದೇ ಒಂದು ವಿನಾಯಿತಿ: ಬಳಸುವ ರೀತಿಯಿಂದಾಗಿಯೇ ಹೆಸರು ಬಿಡಬೇಕಾಗಿ ಬಂದರೆ ಬಿಡಬಹುದು. ಹತ್ತು ಸೆಕೆಂಡಿನ ಜಾಹೀರಾತಿನವರು ಈ ವಿನಾಯಿತಿ ಕೇಳಿದರೆ ಒಪ್ಪಬಹುದು. ಬೆರಳು ಜಾರಿಸಿದಷ್ಟೂ ಉದ್ದವಾಗುವ ಪರದೆ ಇಟ್ಟುಕೊಂಡವರು ‘ಜಾಗವಿಲ್ಲ’ ಎಂದು ಯಾವ ಬಾಯಿಂದ ಹೇಳುತ್ತೀರಿ? ನ್ಯಾಯಾಲಯದಲ್ಲಿ ಆ ವಾದ ನಿಲ್ಲುತ್ತದೋ ಬೀಳುತ್ತದೋ, ಅದು ನ್ಯಾಯಾಧೀಶರಿಗೆ ಬಿಟ್ಟದ್ದು. ನನ್ನ ಮುಂದೆ ನಿಲ್ಲುವುದಿಲ್ಲ.

ಆಕಾಶವಾಣಿಯಲ್ಲಿ ಸಮಯಕ್ಕೆ ಎಷ್ಟು ಬಿಗಿ ಎಂದು ಅಲ್ಲಿ ನುಡಿಸಿದವರಿಗೆಲ್ಲ ಗೊತ್ತು. ಕೆಂಪು ದೀಪ ಆರಿತೆಂದರೆ ಮುಗಿಯಿತು. ಆ ಬಿಗಿಯಲ್ಲೂ ನಿರೂಪಕರು, ತಬಲಾ ಸಾಥಿ ಇಂಥವರು, ಹಾರ್ಮೋನಿಯಂ ಇಂಥವರು ಎಂದು ಓದುತ್ತಾರೆ. ಒಬ್ಬ ಕಲಾವಿದರ ಹಿಂದೆ ಮೊದಲ ಸಲ ಕುಳಿತು ನುಡಿಸಿದ ಕಾರ್ಯಕ್ರಮ ಪ್ರಸಾರವಾದ ದಿನ ನನ್ನ ತಾಯಿ ಸಂಗೀತ ಶುರುವಾಗುವ ಮುಂಚೆಯೇ ರೇಡಿಯೋ ಆರಿಸಿಬಿಟ್ಟಿದ್ದಳು. ಅವಳಿಗೆ ಬೇಕಾಗಿದ್ದದ್ದು ಬಂದಾಗಿತ್ತು.

ನೀವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಪ್ರತಿ ಧ್ವನಿಮುದ್ರಣಕ್ಕೂ ಅದನ್ನು ಗುರುತಿಸುವ, 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಎಂಬ ಸಂಕೇತ ಇದೆ. ಕಂಪನಿಯಿಂದ ನಿಮಗೆ ಹಾಡಿನ ಮಾಹಿತಿ ಬರುವ ಡಿಡಿಇಎಕ್ಸ್ ಮಾನಕದಲ್ಲಿ ಯಾರು ಯಾವ ವಾದ್ಯ ನುಡಿಸಿದರು ಎಂದು ತುಂಬಲು ಜಾಗ ಮಾಡಿಟ್ಟಿದ್ದಾರೆ. ಹಳೆಯ ಜಾಝ್ ಆಲ್ಬಮ್ಮುಗಳ ಬೆನ್ನಿನ ಮೇಲೆ ಆ ಹೆಸರುಗಳು ಅಚ್ಚಾಗಿಯೇ ಇವೆ. ನೋಡಿ ಬರೆದುಕೊಳ್ಳುವುದಷ್ಟೇ ಕೆಲಸ. ಕಂಪನಿಯವರು ಕಳುಹಿಸುವುದಿಲ್ಲ ಎಂದು ನೀವು ಹೇಳುತ್ತೀರಿ, ಆ್ಯಪಿನವರು ತೋರಿಸುವುದಿಲ್ಲ ಎಂದು ಅವರು ಹೇಳುತ್ತಾರೆ. ಗಡಿಕಲ್ಲು ಕಿತ್ತವರು ಯಾರು ಎಂದು ಕೇಳಿದರೆ ಎರಡೂ ಹೊಲದವರು ಪರಸ್ಪರ ಕೈ ತೋರಿಸುವ ಇಂಥ ದಾವೆಗಳನ್ನು ಮೂವತ್ತು ವರ್ಷದಿಂದ ನೋಡಿದ್ದೇನೆ. ಯಾರೇ ಕಿತ್ತಿರಲಿ, ಈಗ ಕಲ್ಲು ನೆಡುವವರು ಬೇಕು. ಹಾಡು ಕೇಳುವವರ ಕಣ್ಣಿನ ಮುಂದೆ ಇರುವವರು ನೀವು, ಆದ್ದರಿಂದ ಪತ್ರ ನಿಮಗೆ ಬರೆದಿದ್ದೇನೆ.

ಎಲ್ಲಿಂದ ಶುರುಮಾಡುವುದು ಎಂದು ಕೇಳಿದರೆ, ‘ಪೇಜ್ ಒನ್’ನಿಂದ ಮಾಡಿ. ನಿಮ್ಮ ಕೆಲಸ ಹಗುರವಾಗಲಿ ಎಂದು ನಾನೇ ಬರೆದುಕೊಡುತ್ತೇನೆ: ಟೆನರ್ ಸ್ಯಾಕ್ಸೋಫೋನ್ ಜೋ ಹೆಂಡರ್ಸನ್, ಟ್ರಂಪೆಟ್ ಕೆನಿ ಡಾರಮ್, ಬಾಸ್ ಬುಚ್ ವಾರೆನ್, ಡ್ರಮ್ಸ್ ಪೀಟ್ ಲಾ ರೋಕಾ. ಪಿಯಾನೊದ ಮುಂದೆ ‘ಇತ್ಯಾದಿ’ ಎಂದು ಹಾಕಬೇಡಿ. ಟೈನರ್ ಅವರ ಆ ಕರಾರಿನ ಅವಧಿ ಮುಗಿದು ಎಷ್ಟೋ ವರ್ಷಗಳಾಗಿವೆ.

ಇತಿ,
ತಬಲಾ ನುಡಿಸುವ ಒಬ್ಬ ವಕೀಲ
ಧಾರವಾಡ